ಗ್ರೀಕ್ ತತ್ತ್ವಜ್ಞರ ಶಾಂತಿಕಲ್ಪನೆ

ನಮ್ಮ ಭಾಷೆಯಲ್ಲಿ 'ಶಾಂತಿ' ಎಂಬ ಒಂದೇ ಮಾತು ಎರಡು ಕಡೆ ದುಡಿಯುತ್ತದೆ. ಮನಸ್ಸಿನ ತಳಮಳ ಅಡಗಿದ ಸ್ಥಿತಿಗೂ ಶಾಂತಿಯೆಂದೇ ಹೆಸರು. ಎರಡು ರಾಜ್ಯಗಳ ನಡುವೆ ಕಾಳಗವಿಲ್ಲದಿರುವುದಕ್ಕೂ ಶಾಂತಿಯೆಂದೇ ಹೆಸರು. ಪ್ರಾಚೀನ ಗ್ರೀಕರಿಗೆ ಈ ಸೌಕರ್ಯವಿರಲಿಲ್ಲ. ಕಾಳಗವಿಲ್ಲದ ಕಾಲಕ್ಕೆ ಅವರು 'ಐರೀನೆ' ಎಂದರು. ಮನಸ್ಸು ಕದಡದಿರುವ ಸ್ಥಿತಿಗೆ 'ಅತರಾಕ್ಸಿಯಾ' ಎಂದರು. ಅಲೆಯಡಗಿದ ಕಡಲಿಗೆ ಹೇಳುವ 'ಗಲೀನೆ' ಎಂಬ ಮಾತನ್ನೂ ಅದಕ್ಕೆ ಬಳಸಿದರು. ಒಡೆದ ಊರು ಮತ್ತೆ ಒಮ್ಮನಸ್ಸಾಗುವುದಕ್ಕೆ 'ಹೊಮೊನೋಯಾ' ಎಂಬ ಮೂರನೆಯ ಮಾತೊಂದಿದ್ದಿತು. ಈ ಮಾತುಗಳು ಬೇರೆ ಬೇರೆ ದಾರಿಗಳಲ್ಲಿ ನಡೆದು, ಎಲ್ಲಿ ಒಂದನ್ನೊಂದು ಸಂಧಿಸಿದುವು ಎಂಬುದೇ ಗ್ರೀಕರ ಶಾಂತಿವಿಚಾರದ ಚರಿತ್ರೆಯೆಂದು ನನಗೆ ತೋರುತ್ತದೆ. ನಾನು ಗ್ರೀಕ್ ಭಾಷೆ ಬಲ್ಲವನಲ್ಲ. ಇಂಗ್ಲಿಷ್ ಅನುವಾದಗಳ ಮೂಲಕ ಓದಿ ತಿಳಿದುದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಈ ವಿಚಾರ ತಲೆಗೆ ಹತ್ತಿದುದು ತರಗತಿಯಲ್ಲಿ. ಮೂವತ್ತು ವರ್ಷ ಚರಿತ್ರೆಯ ಪಾಠ ಹೇಳಿದ ನನಗೆ ಪೆಲೊಪೊನೀಷಿಯನ್ ಯುದ್ಧವೆಂದರೆ ಕರಿಹಲಗೆಯ ಮೇಲೆ ಬರೆಯುವ ಎರಡು ಇಸವಿಗಳಾಗಿಬಿಟ್ಟಿದ್ದುವು: ಕ್ರಿ. ಪೂ. ೪೩೧, ಕ್ರಿ. ಪೂ. ೪೦೪. ನಡುವೆ ೪೨೧ರಲ್ಲಿ ಅಥೆನ್ಸಿಗೂ ಸ್ಪಾರ್ಟಾಕ್ಕೂ 'ನಿಸಿಯಾಸನ ಶಾಂತಿ' ಏರ್ಪಟ್ಟಿತೆಂದು ಒಂದು ದಿನ ಹೇಳುತ್ತಿರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಶಾಂತಿ ಆದಮೇಲೂ ಯುದ್ಧ ಹೇಗೆ ನಡೆಯಿತು, ಸಾರ್?" ಎಂದು ಕೇಳಿದನು. ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ. ನನ್ನಲ್ಲಿಯೂ ಇರಲಿಲ್ಲ. ನಾಳೆ ಹೇಳುತ್ತೇನೆಂದು ಕೂರಿಸಿದೆನು. ಆ 'ನಾಳೆ' ಬರುವಷ್ಟರಲ್ಲಿ ಹುಡುಗನು ಶಾಲೆ ಬಿಟ್ಟು ಹೋಗಿದ್ದನು.

ಆ ಪ್ರಶ್ನೆಯನ್ನು ಯುದ್ಧದ ಚರಿತ್ರಕಾರನಾದ ಥುಸಿಡಿಡೀಸನೇ ಕೇಳಿಕೊಂಡಿದ್ದಾನೆ. ಅವನು ಸ್ವತಃ ಅಥೆನ್ಸಿನ ಸೇನಾನಿಯಾಗಿದ್ದು, ಆಂಫಿಪೊಲಿಸ್ ನಗರ ಕೈತಪ್ಪಿದುದಕ್ಕಾಗಿ ದೇಶಭ್ರಷ್ಟನಾದವನು. ೪೨೧ರ ಒಪ್ಪಂದ ಐವತ್ತು ವರ್ಷದ್ದೆಂದು ಬರೆದಿದ್ದರು. ಏಳು ವರ್ಷವೂ ತುಂಬುವ ಮೊದಲೇ ಇಬ್ಬರೂ ಒಬ್ಬರ ನೆಲವನ್ನೊಬ್ಬರು ಮತ್ತೆ ತುಳಿದರು. ಆ ನಡುವೆಯೂ ಬೇರೆ ಕಡೆಗಳಲ್ಲಿ ಒಬ್ಬರಿಗೊಬ್ಬರು ಕೇಡು ಮಾಡುವುದನ್ನು ನಿಲ್ಲಿಸಿರಲಿಲ್ಲ. ಇಂಥದನ್ನು ಶಾಂತಿಯೆಂದು ಕರೆಯುವುದು ನ್ಯಾಯವಲ್ಲವೆಂಬುದು ಅವನ ತೀರ್ಮಾನ. ಆದುದರಿಂದಲೇ ಅವನು ಇಪ್ಪತ್ತೇಳು ವರ್ಷಗಳನ್ನೂ ಒಂದೇ ಯುದ್ಧವಾಗಿ ಎಣಿಸಿದನು. ಹೆಸರಿಗೂ ವಸ್ತುವಿಗೂ ಇರುವ ಅಂತರವನ್ನು ಹೀಗೆ ಪಟ್ಟಾಗಿ ಹಿಡಿದ ಚರಿತ್ರಕಾರರು ವಿರಳ.

ಮೂಲದಲ್ಲಿ ಐರೀನೆ ಒಬ್ಬ ದೇವತೆ. ಹೆಸಿಯಡ್ ಕವಿಯ ವಂಶಾವಳಿಯಲ್ಲಿ ಅವಳು ಜ್ಯೂಸ್ ಮತ್ತು ಥೆಮಿಸರ ಮಗಳು; ಸುವ್ಯವಸ್ಥೆ, ನ್ಯಾಯ ಇವರಿಬ್ಬರೂ ಅವಳ ಸೋದರಿಯರು; ಮೂವರೂ ಋತುಗಳ ಅಧಿದೇವತೆಯರು. ನ್ಯಾಯವಿರುವ ಊರಿನಲ್ಲಿ ಶಾಂತಿ ಮಕ್ಕಳನ್ನು ಸಾಕುವ ದಾದಿಯಾಗಿ ಓಡಾಡುತ್ತಾಳೆಂದು ಆ ರೈತಕವಿಯ ಭಾವನೆ. ಕಲ್ಪನೆ ಚೆಲುವಾದುದೇ. ಆದರೆ ಋತುವೆಂದ ಮೇಲೆ ಬರುವುದೂ ಹೋಗುವುದೂ ಸ್ವಭಾವವಲ್ಲವೇ? ಗ್ರೀಕರ ರಾಜ್ಯವ್ಯವಹಾರದಲ್ಲಿ ಶಾಂತಿಯೂ ಹೀಗೆ ವಾಯಿದೆಯ ವಸ್ತುವಾಗಿದ್ದಿತು. ಒಪ್ಪಂದಕ್ಕೆ ಅವರಿಟ್ಟ ಹೆಸರು 'ಸ್ಪೊಂಡಾಯ್', ಎಂದರೆ ಪ್ರತಿಜ್ಞೆ ಮಾಡುವಾಗ ನೆಲಕ್ಕೆ ಸುರಿಯುವ ದ್ರಾಕ್ಷಾರಸದ ತರ್ಪಣ. ನಮ್ಮ ಹಿಂದಿನವರು ಧಾರೆಯೆರೆದು ದಾನ ಕೊಡುತ್ತಿದ್ದಂತೆ ಅವರು ಧಾರೆಯೆರೆದು ಕಾಳಗ ನಿಲ್ಲಿಸುತ್ತಿದ್ದರು. ಐದು ವರ್ಷಕ್ಕೊಂದು, ಮೂವತ್ತು ವರ್ಷಕ್ಕೊಂದು, ನೂರು ವರ್ಷಕ್ಕೊಂದು ಒಪ್ಪಂದ. ಸಾಲಪತ್ರದಂತೆ ಅವಧಿ ತೀರುವ ತೇದಿ ಅದರಲ್ಲಿಯೇ ಇರುತ್ತಿತ್ತು. ಕ್ರಿ. ಪೂ. ೪೪೬-೪೪೫ರ ಚಳಿಗಾಲದಲ್ಲಿ ಆದ ಮೂವತ್ತು ವರ್ಷದ ಒಪ್ಪಂದ ಹದಿನಾಲ್ಕು ವರ್ಷ ಬಾಳಿತು.

ಒಲಿಂಪಿಯಾದ ಉತ್ಸವಕಾಲದ ನಿಲುಗಡೆಯನ್ನು ಈಚೆಗೆ ಬಹಳವಾಗಿ ಹೊಗಳುವುದು ರೂಢಿಯಾಗಿದೆ. ಅದರ ಹೆಸರು 'ಎಕೆಖೇರಿಯಾ', ಕೈ ತಡೆಹಿಡಿಯುವುದು ಎಂದರ್ಥ. ಅದು ಯುದ್ಧಗಳನ್ನು ನಿಲ್ಲಿಸುತ್ತಿರಲಿಲ್ಲ. ಯಾತ್ರಿಕರಿಗೂ ಉತ್ಸವ ನಡೆಯುವ ಈಲಿಸ್ ನಾಡಿಗೂ ಅಭಯ ಕೊಡುತ್ತಿತ್ತು, ಅಷ್ಟೆ. ಅದನ್ನು ಮುರಿದರೆಂದು ಕ್ರಿ. ಪೂ. ೪೨೦ರಲ್ಲಿ ಸ್ಪಾರ್ಟಾದವರಿಗೆ ೨೦೦೦ ಮೀನಾ ದಂಡ ವಿಧಿಸಿ, ಅವರು ಕೊಡದಿರಲು, ಕ್ರೀಡೆಗೆ ಬಾರದಂತೆ ತಡೆದರು. ಕೈಯನ್ನು ತಡೆಹಿಡಿಯಬಹುದು, ಕೈಯನ್ನು ಎತ್ತಿಸುವ ಮನಸ್ಸಿನ ಗತಿಯೇನು? ಇಲ್ಲಿಂದ ತತ್ತ್ವಜ್ಞರ ಕೆಲಸ ಮೊದಲಾಗುತ್ತದೆ.

ಅವರಲ್ಲಿ ಹಿಂದಿನವರು ಶಾಂತಿಯ ಕಡೆಗೆ ಇರಲಿಲ್ಲವೆಂದೇ ಹೇಳಬೇಕು. ಎಫಿಸಸ್ಸಿನ ಹೆರಾಕ್ಲೀಟಸನು ವಿರೋಧಗಳ ಘರ್ಷಣೆಯೇ ಸಕಲಕ್ಕೂ ಜನಕವೆಂದನು. ಇಲಿಯಡ್ಡಿನಲ್ಲಿ ಅಖಿಲೀಸನು ಕಲಹವೇ ಲೋಕದಿಂದ ಅಳಿಯಲೆಂದು ಹಾರೈಸುವುದುಂಟು. ಹಾಗೆ ಹಾರೈಸಿಸಿದ ಹೋಮರನನ್ನೇ ಈತನು ಖಂಡಿಸಿದನೆಂದು ಅರಿಸ್ಟಾಟಲ್ ಬರೆದಿದ್ದಾನೆ. ಏರಿಳಿತವಿಲ್ಲದೆ ಸ್ವರಮೇಳವಿಲ್ಲ, ಎರಡು ತುದಿಗಳ ಸೆಳೆತವಿಲ್ಲದೆ ಬಿಲ್ಲಿಲ್ಲ, ವೀಣೆಯಿಲ್ಲ. ಇದು ಯುದ್ಧಪ್ರಿಯನ ಮಾತೆಂದು ತಳ್ಳಿಹಾಕುವಂತಿಲ್ಲ. ಸಮರಸವೆಂದರೆ ಸೆಳೆತವಿಲ್ಲದಿರುವುದಲ್ಲ, ಸೆಳೆತವನ್ನು ಶ್ರುತಿಗೆ ಕೂಡಿಸುವುದು ಎಂಬ ಅದರ ತಿರುಳು ಮುಂದೆ ಪ್ಲೇಟೋವಿಗೆ ಬೇಕಾಗಿ ಬಂದಿತು. ಸಿಸಿಲಿಯ ಎಂಪೆಡೊಕ್ಲೀಸನು ಪ್ರೀತಿ, ಕಲಹ ಎಂಬ ಎರಡು ಶಕ್ತಿಗಳನ್ನು ಒಪ್ಪಿದನು. ಯುದ್ಧದೇವತೆಯ ಪೂಜೆಯೇ ಇಲ್ಲದ, ಪ್ರಾಣಿಬಲಿಯಿಲ್ಲದ ಹಿಂದಿನ ಯುಗವೊಂದನ್ನು ವರ್ಣಿಸಿದನು. ನಮ್ಮ ಕೃತಯುಗದ ನೆನಪಾಗುವುದು ಸಹಜ.

ಯುದ್ಧ ನಡೆಯುತ್ತಿರುವಾಗಲೇ ಶಾಂತಿಯ ಪರವಾಗಿ ಎಲ್ಲರ ಮುಂದೆ ವಾದಿಸಿದವನು ತತ್ತ್ವಜ್ಞನಲ್ಲ, ಹಾಸ್ಯನಾಟಕದ ಅರಿಸ್ಟೊಫೆನೀಸ್. ಕ್ರಿ. ಪೂ. ೪೨೫ರ 'ಅಖಾರ್ನಿಯನ್ನರು' ನಾಟಕದಲ್ಲಿ ರೈತನೊಬ್ಬನು ಊರಿನ ಸಭೆಯನ್ನು ನಂಬಿ ಬೇಸತ್ತು, ತನ್ನ ಮನೆಮಟ್ಟಿಗೆ ಶತ್ರುಗಳೊಡನೆ ಸಂಧಿ ಮಾಡಿಕೊಳ್ಳುತ್ತಾನೆ. ತರ್ಪಣದ ಪದವನ್ನೇ ಶ್ಲೇಷೆಗೆ ತಂದು, ಐದು, ಹತ್ತು, ಮೂವತ್ತು ವರ್ಷಗಳ ಸಂಧಿಗಳನ್ನು ದ್ರಾಕ್ಷಾರಸದ ಮಾದರಿಗಳಂತೆ ಅವನ ಮುಂದಿಡುತ್ತಾರೆ. ಐದು ವರ್ಷದ್ದು ಹಡಗಿಗೆ ಬಳಿಯುವ ಕೀಲಿನ ವಾಸನೆ ಹೊಡೆಯುತ್ತದೆ. ಮೂವತ್ತು ವರ್ಷದ್ದು ಅಮೃತ! ೪೨೧ರ 'ಶಾಂತಿ' ನಾಟಕ ನಿಸಿಯಾಸನ ಒಪ್ಪಂದಕ್ಕೆ ಕೆಲವೇ ದಿನಗಳ ಮೊದಲು ರಂಗಕ್ಕೆ ಬಂದಿತು. ಯುದ್ಧರಾಯನು ಶಾಂತಿದೇವಿಯನ್ನು ಗುಹೆಯಲ್ಲಿ ಹೂತು ಕಲ್ಲು ಹೇರಿದ್ದಾನೆ. ಟ್ರಿಗಾಯಸನೆಂಬ ದ್ರಾಕ್ಷಿತೋಟದ ಮುದುಕನು ಸಗಣಿಹುಳುವಿನ ಮೇಲೆ ಕುಳಿತು ಸ್ವರ್ಗಕ್ಕೆ ಹಾರುತ್ತಾನೆ. ಎಲ್ಲ ಗ್ರೀಕರೂ ಹಗ್ಗ ಹಿಡಿದು ದೇವಿಯನ್ನು ಎಳೆಯತೊಡಗಿದರೆ, ಒಬ್ಬರು ಒಂದು ಕಡೆಗೆ, ಇನ್ನೊಬ್ಬರು ಇನ್ನೊಂದು ಕಡೆಗೆ; ಕಲ್ಲು ಕದಲದು. ಕೊನೆಗೆ ರೈತರೇ ಸೇರಿ ಎಳೆದು ಅವಳನ್ನು ಹೊರಗೆ ತರುತ್ತಾರೆ. ಕುಡುಗೋಲು ಮಾಡುವವನು ಕುಣಿಯುತ್ತಾನೆ, ಕವಚ ಮಾರುವವನು ಅಳುತ್ತಾನೆ. ಈಟಿಗಳನ್ನು ಸೀಳಿ ದ್ರಾಕ್ಷಿಬಳ್ಳಿಗೆ ಊರೆಗೋಲು ಮಾಡಿಕೊಳ್ಳಲು ಮುದುಕನು ಚೌಕಾಸಿಗೆ ಕೂರುತ್ತಾನೆ.

ಆ ನಾಟಕದ ಕೊನೆಯಲ್ಲಿ ಉಪಾಧ್ಯಾಯರು ನೋಡಬೇಕಾದ ಒಂದು ದೃಶ್ಯವಿದೆ. ಮದುವೆಯ ಊಟಕ್ಕೆ ಮೊದಲು ಹಾಡು ಒಪ್ಪಿಸಲು ಒಬ್ಬ ಹುಡುಗ ಬರುತ್ತಾನೆ. ಬಾಯಿ ತೆರೆದರೆ ಗುರಾಣಿ, ಕಾಳಗ, ರಕ್ತ. ಬೇರೆ ಹಾಡೆಂದು ಕೇಳಿದರೂ ಅದೇ. ನೀನು ಯಾರ ಮಗನೆಂದು ವಿಚಾರಿಸಿದರೆ ಲಾಮಖಸ್ ಎಂಬ ಸೇನಾನಿಯ ಮಗ! ಹತ್ತು ವರ್ಷ ಯುದ್ಧದಲ್ಲಿ ಬೆಳೆದ ಮಕ್ಕಳಿಗೆ ಶಾಂತಿಕಾಲದಲ್ಲಿ ಹಾಡಲು ಹಾಡೇ ಇಲ್ಲದಂತಾಯಿತೆಂಬುದನ್ನು ನಗೆಯಲ್ಲಿಯೇ ಹೇಳಿದ್ದಾನೆ. ನಾಟಕಕ್ಕೆ ಎರಡನೆಯ ಬಹುಮಾನ ಬಂದಿತು.

ಪ್ಲೇಟೋ ಅಂಥ ಮಕ್ಕಳಲ್ಲಿ ಒಬ್ಬನು. ಯುದ್ಧ ಆರಂಭವಾದ ಮೂರು ನಾಲ್ಕು ವರ್ಷಗಳಲ್ಲಿ ಹುಟ್ಟಿ, ಅಥೆನ್ಸು ಶರಣಾಗತವಾದಾಗ ಇಪ್ಪತ್ತಮೂರರ ಆಸುಪಾಸಿನ ಯುವಕನಾಗಿದ್ದನು. ಅವನ ಗುರು ಸಾಕ್ರಟೀಸನೂ ಪೊಟಿಡಾಯಾ, ಡೇಲಿಯಂ, ಆಂಫಿಪೊಲಿಸ್‌ಗಳಲ್ಲಿ ಆಯುಧ ಹಿಡಿದವನೇ. ಆದರೆ ಕೇಡಿಗೆ ಕೇಡು ಮಾಡಕೂಡದೆಂಬ ಮಾತನ್ನು ಸೆರೆಮನೆಯಲ್ಲಿ, ಸಾವಿನ ಹೊಸ್ತಿಲಲ್ಲಿ, ಪ್ಲೇಟೋ ಅವನ ಬಾಯಿಂದ ಆಡಿಸುತ್ತಾನೆ. 'ರಿಪಬ್ಲಿಕ್' ಗ್ರಂಥದ ಮೊದಲಲ್ಲಿ ಮಿತ್ರರಿಗೆ ಒಳಿತು, ಶತ್ರುಗಳಿಗೆ ಕೆಡುಕು ಮಾಡುವುದೇ ನ್ಯಾಯವೆಂದು ವಾದಿಸುವವನ ಹೆಸರು ಪೊಲೆಮಾರ್ಕಸ್. ಆ ಹೆಸರಿಗೆ ಯುದ್ಧನಾಯಕನೆಂದೇ ಅರ್ಥ. ನ್ಯಾಯವಂತನು ಯಾರಿಗೂ ಕೆಡುಕು ಮಾಡಲಾರನೆಂದು ಸಾಕ್ರಟೀಸನು ಅವನನ್ನು ಒಪ್ಪಿಸುತ್ತಾನೆ. ಓದುಗರಾದ ಅಥೆನ್ಸಿನವರಿಗೆ ಇನ್ನೊಂದು ಸಂಗತಿ ಗೊತ್ತಿದ್ದಿತು: ಯುದ್ಧ ಮುಗಿದ ವರ್ಷವೇ ಊರನ್ನು ಹಿಡಿದ ಮೂವತ್ತು ಮಂದಿ ದುರಾಡಳಿತಗಾರರು ಈ ಪೊಲೆಮಾರ್ಕಸನಿಗೆ ವಿಷ ಕುಡಿಸಿ ಕೊಂದಿದ್ದರು. ಹೊರಗಿನ ಯುದ್ಧ ಮುಗಿದ ಮಾತ್ರಕ್ಕೆ ಒಳಗಿನದು ಮುಗಿದಿರಲಿಲ್ಲ.

ಯುದ್ಧದ ಹುಟ್ಟನ್ನು ಅದೇ ಗ್ರಂಥದಲ್ಲಿ ಅವನು ಅರ್ಥಶಾಸ್ತ್ರಜ್ಞನಂತೆ ಶೋಧಿಸಿದ್ದಾನೆ. ಬೇಳೆ, ಅಂಜೂರ, ಕಾಡುಹಣ್ಣಿನಿಂದ ತೃಪ್ತಿಪಡುವ ಊರಿಗೆ ಇರುವ ನೆಲ ಸಾಕು. ಮಂಚ, ಮೇಜು, ಸುಗಂಧ, ಚಿತ್ರಗಾರರು ಬೇಕೆಂದ ಊರಿಗೆ ನೆರೆಯವರ ನೆಲವೂ ಬೇಕಾಗುವುದು. ಅಲ್ಲಿಗೆ ಸೈನ್ಯವೂ ಬೇಕು. ಇಷ್ಟು ಸ್ಪಷ್ಟವಾಗಿ ಕಂಡವನು ಮುಂದೆ ಆ ಸೈನ್ಯದ ಶಿಕ್ಷಣಕ್ಕಾಗಿ ಪುಟಗಟ್ಟಲೆ ಬರೆದನೆಂಬುದು ವಿಚಿತ್ರವಾದರೂ ನಿಜ.

ಆದರೆ ಅವನ ಪಕ್ವವಾದ ಮಾತು ಮುಪ್ಪಿನಲ್ಲಿ ಬರೆದ 'ಲಾಸ್' ಎಂಬ ಸಂವಾದದಲ್ಲಿದೆ. ಮೂವರು ಮುದುಕರು, ಒಬ್ಬ ಅಥೆನ್ಸಿನವನು, ಒಬ್ಬ ಕ್ರೀಟಿನವನು, ಒಬ್ಬ ಸ್ಪಾರ್ಟಾದವನು, ಬೇಸಗೆಯ ದಿನ ಕ್ನಾಸಸ್ಸಿನಿಂದ ಜ್ಯೂಸನ ಗುಹೆಗೆ ಮರಗಳ ನೆರಳು ಹಿಡಿದು ನಡೆಯುತ್ತಾರೆ. ಶಾಂತಿಯೆಂಬುದು ಬರಿಯ ಹೆಸರು, ಪ್ರತಿಯೊಂದು ರಾಜ್ಯವೂ ಉಳಿದೆಲ್ಲದರೊಡನೆ ಸ್ವಭಾವತಃ ಸಾರದ ಯುದ್ಧದಲ್ಲಿದೆ, ನಮ್ಮ ಶಾಸನಕರ್ತನು ಇದನ್ನು ಬಲ್ಲವನಾದುದರಿಂದಲೇ ಊಟದ ಪದ್ಧತಿಯನ್ನೂ ಯುದ್ಧಕ್ಕೆ ತಕ್ಕಂತೆ ಇಟ್ಟನು ಎಂದು ಕ್ರೀಟಿನವನು ಹೆಮ್ಮೆಯಿಂದ ಹೇಳುತ್ತಾನೆ. ಅಥೆನ್ಸಿನವನು ಎದುರಾಡುವುದಿಲ್ಲ. ರಾಜ್ಯಕ್ಕೂ ರಾಜ್ಯಕ್ಕೂ ಹೀಗಾದರೆ ಹಳ್ಳಿಗೂ ಹಳ್ಳಿಗೂ? ಹೌದು. ಮನೆಗೂ ಮನೆಗೂ? ಹೌದು. ಒಬ್ಬನಿಗೂ ಇನ್ನೊಬ್ಬನಿಗೂ? ಹೌದು. ಒಬ್ಬನಿಗೆ ತನ್ನೊಡನೆಯೇ? ಕ್ರೀಟಿನವನು ಅದಕ್ಕೂ ಹೌದೆನ್ನುತ್ತಾನೆ. ತನ್ನನ್ನು ತಾನು ಗೆಲ್ಲುವುದೇ ಮೊದಲನೆಯ ಜಯವೆಂದು ಸೇರಿಸುತ್ತಾನೆ.

ಇಲ್ಲಿಗೆ ತಂದು ನಿಲ್ಲಿಸಿ ಅಥೆನ್ಸಿನವನು ಕೇಳುವ ಪ್ರಶ್ನೆ ಬಲು ಸಾದಾ. ಒಂದು ಮನೆಯಲ್ಲಿ ಬಹುಮಂದಿ ಅಣ್ಣತಮ್ಮಂದಿರು. ಹೆಚ್ಚಿನವರು ಕೆಟ್ಟವರು, ಕೆಲವರು ಒಳ್ಳೆಯವರು. ಕೆಟ್ಟವರನ್ನು ಕೊಲ್ಲಿಸಿ ಒಳ್ಳೆಯವರ ಕೈಗೆ ಮನೆ ಕೊಡುವ ನ್ಯಾಯಾಧಿಪತಿ ಮೇಲೋ, ಕೆಟ್ಟವರನ್ನು ಉಳಿಸಿ ಒಳ್ಳೆಯವರಿಗೆ ಅಧೀನರಾಗಿರಲು ಒಪ್ಪಿಸುವವನು ಮೇಲೋ, ಯಾರನ್ನೂ ಕಳೆದುಕೊಳ್ಳದೆ ಕಟ್ಟಳೆ ಹಾಕಿಕೊಟ್ಟು ಮುಂದೆಂದೂ ಸ್ನೇಹದಿಂದಿರುವಂತೆ ಕೂಡಿಸುವವನು ಮೇಲೋ? ಮೂರನೆಯವನೇ ಮೇಲೆಂದು ಕ್ರೀಟಿನವನು ಒಪ್ಪುತ್ತಾನೆ. ಒಪ್ಪಿದೊಡನೆ ಅವನ ಮೊದಲ ಮಾತು ಬಿದ್ದುಹೋಗುತ್ತದೆ. ಭೇದಿಯ ಔಷಧ ಕುಡಿದು ಸುಧಾರಿಸಿಕೊಂಡ ದೇಹವನ್ನು ಕಂಡು ಆರೋಗ್ಯವೆಂದರೆ ಇದೇ ಎನ್ನುವವನುಂಟೇ? ಔಷಧವೇ ಬೇಕಾಗದ ದೇಹವೂ ಒಂದಿದೆ. ಜಯವೆಂಬುದು ಔಷಧ, ಶಾಂತಿಯೂ ಸೌಹಾರ್ದವೂ ಆರೋಗ್ಯ. ಆದುದರಿಂದ ಯುದ್ಧದ ಕಟ್ಟಳೆಗಳು ಶಾಂತಿಗಾಗಿ ಇರತಕ್ಕುವೇ ಹೊರತು ಶಾಂತಿಯ ಕಟ್ಟಳೆಗಳು ಯುದ್ಧಕ್ಕಾಗಿ ಅಲ್ಲವೆಂಬುದು ಪ್ಲೇಟೋವಿನ ನಿರ್ಣಯ. ರಾಜ್ಯದಿಂದ ಮನೆಗೆ, ಮನೆಯಿಂದ ಮನಸ್ಸಿಗೆ ಇಳಿದು ಬಂದ ಈ ಮಾತಿನಲ್ಲಿ ಐರೀನೆಯೂ ಚಿತ್ತದ ನೆಮ್ಮದಿಯೂ ಮೊದಲ ಸಾರಿ ಒಂದೇ ಪ್ರಶ್ನೆಯ ಎರಡು ಮುಖಗಳಾಗಿ ಕಾಣಿಸಿಕೊಂಡುವೆಂದು ನನ್ನ ಅಭಿಪ್ರಾಯ.

ಅರಿಸ್ಟಾಟಲನು ಇದನ್ನು ಗುರುವಿನಿಂದ ತೆಗೆದುಕೊಂಡು, ದುಡಿಮೆ ವಿರಾಮಕ್ಕಾಗಿ, ಯುದ್ಧ ಶಾಂತಿಗಾಗಿ ಎಂಬ ಸೂತ್ರ ಮಾಡಿದನು. ಸ್ಪಾರ್ಟಾದವರು ಕಾದುವಷ್ಟು ಕಾಲ ಉಳಿದರು. ಸಾಮ್ರಾಜ್ಯ ಕೈಗೆ ಬಂದಮೇಲೆ ಕೆಟ್ಟರು, ಶಾಂತಿಯಲ್ಲಿ ಹದಗೆಟ್ಟ ಕಬ್ಬಿಣದಂತಾದರು. ವಿರಾಮದಲ್ಲಿ ಬದುಕುವುದನ್ನು ಕಲಿಸದ ಶಾಸನಕರ್ತನದೇ ತಪ್ಪು ಎಂದು ಅವನ ಆರೋಪ. ಕ್ರಿ. ಪೂ. ೩೭೧ರಲ್ಲಿ ಲ್ಯೂಕ್ಟ್ರಾದಲ್ಲಿ ಥೀಬ್ಸಿನವರು ಸ್ಪಾರ್ಟಾದ ಸೊಕ್ಕು ಮುರಿದುದನ್ನು ಅರಿತವನ ಮಾತಿದು. ವಿರಾಮಕ್ಕೆ ಗ್ರೀಕ್ ಪದ 'ಸ್ಖೊಲೆ'. ನಮ್ಮ ಸರಕಾರಿ ಕಾಗದಗಳಲ್ಲೆಲ್ಲ ಓಡಾಡುವ 'ಸ್ಕೂಲ್' ಎಂಬ ಮಾತು ಅದರಿಂದಲೇ ಬಂದುದು. ವೇಳಾಪಟ್ಟಿ, ಹಾಜರಿ, ತಪಾಸಣೆಗಳ ನಡುವೆ ಈ ವ್ಯುತ್ಪತ್ತಿಯನ್ನು ನೆನೆದು ನಾನು ಎಷ್ಟೋ ಸಲ ನಕ್ಕಿದ್ದೇನೆ.

ಸಮಕಾಲೀನರಲ್ಲಿ ಇಬ್ಬರನ್ನು ಬಿಡುವಂತಿಲ್ಲ. ಭಾಷಣಕಲೆಯ ಗುರು ಐಸೊಕ್ರಟೀಸನು ಕಡಲ ಸಾಮ್ರಾಜ್ಯವನ್ನೇ ಬಿಟ್ಟುಬಿಟ್ಟು ಎಲ್ಲರೊಡನೆಯೂ ಸಂಧಿ ಮಾಡಿಕೊಳ್ಳಿರೆಂದು ಅಥೆನ್ಸಿಗೆ ಬರೆದನು. ಸುಮಾರು ಅದೇ ಹೊತ್ತಿಗೆ ಕ್ಸೆನಫನ್ 'ಶಾಂತಿಪಾಲಕ'ರೆಂಬ ಒಂದು ಮಂಡಲಿಯನ್ನೇ ನೇಮಿಸಬೇಕೆಂದು ಸೂಚಿಸಿದನು. ವ್ಯಾಪಾರ ಬೆಳೆದು ಬೊಕ್ಕಸ ತುಂಬುವುದೆಂಬ ಲೆಕ್ಕವನ್ನೂ ಕೊಟ್ಟನು. ಇದಕ್ಕೆ ತುಸು ಹಿಂದೆ ಅಥೆನ್ಸಿನಲ್ಲಿ ಐರೀನೆಗೆ ಸಾರ್ವಜನಿಕ ಪೂಜೆ ಆರಂಭವಾಗಿದ್ದಿತು. ಕೆಫಿಸೊಡೊಟಸ್ ಶಿಲ್ಪಿ ಕಡೆದ ಮೂರ್ತಿಯಲ್ಲಿ ಅವಳು ಐಶ್ವರ್ಯವೆಂಬ ಶಿಶುವನ್ನು ತೋಳಿನಲ್ಲಿ ಎತ್ತಿಕೊಂಡು ಅದರ ಮುಖ ನೋಡುತ್ತಾಳೆ. ರೋಮನರು ಮಾಡಿದ ಪ್ರತಿಯೊಂದು ಮ್ಯೂನಿಕ್ಕಿನಲ್ಲಿದೆ.

ಈವರೆಗೆ ಹೇಳಿದುದರಲ್ಲಿ ಒಂದು ದೊಡ್ಡ ಬಿರುಕಿದೆ. ಈ ಶಾಂತಿ ಯಾರೊಡನೆ? 'ರಿಪಬ್ಲಿಕ್'ನಲ್ಲಿ ಪ್ಲೇಟೋ, ಗ್ರೀಕರು ಗ್ರೀಕರೊಡನೆ ಕಾದಿದರೆ ಅದು ಯುದ್ಧವಲ್ಲ, ಮನೆಜಗಳವೆಂಬ ರೋಗ. ಹೊಲ ಸುಡಕೂಡದು, ಮನೆ ಉರುಹಕೂಡದು, ಸೆರೆಯವರನ್ನು ಗುಲಾಮರನ್ನಾಗಿ ಮಾಡಕೂಡದು ಎನ್ನುತ್ತಾನೆ. ಉಳಿದವರು 'ಬಾರ್ಬರ'ರು, ಸ್ವಭಾವದಿಂದಲೇ ಶತ್ರುಗಳು. ಐಸೊಕ್ರಟೀಸನ ಒಮ್ಮತವೂ ಹಲಕೆಲವು ಬರಹಗಳಲ್ಲಿ ಪಾರಸಿಕರ ಮೇಲೆ ಒಟ್ಟಾಗಿ ಬೀಳುವುದಕ್ಕಾಗಿ. ಅರಿಸ್ಟಾಟಲನಂತೂ, ಆಳಲ್ಪಡಲು ಹುಟ್ಟಿದವರು ಒಪ್ಪದಿದ್ದರೆ ಅವರ ಮೇಲೆ ಮಾಡುವ ಯುದ್ಧ ಬೇಟೆಯಷ್ಟೇ ಸಹಜವೆಂದುಬಿಟ್ಟನು. ಬಾರ್ಬರನೆಂದರೆ ಯಾರು? ಅರ್ಥವಾಗದ ಭಾಷೆಯನ್ನು 'ಬರ್ ಬರ್' ಎಂದು ಆಡುವವನು. ಸಂಸ್ಕೃತದಲ್ಲಿಯೂ 'ಬರ್ಬರ' ಉಂಟು. ಶಾಂತಿಯ ಮೇರೆ ಭಾಷೆಯ ಮೇರೆಗೆ ಬಂದು ನಿಂತಿತೆಂದಾಯಿತು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಅಂಗಳದಲ್ಲಿ ಕೇಳಿಬರುವ ಶಾಲೆಗಳಲ್ಲಿ ಕೆಲಸ ಮಾಡಿದ ನಮಗೆ, ಮಕ್ಕಳು ಒಬ್ಬರ ಮಾತನ್ನೊಬ್ಬರು ಅಣಕಿಸುವುದು ಎಲ್ಲಿಂದ ಆರಂಭವಾಗಿ ಎಲ್ಲಿಗೆ ಮುಟ್ಟುವುದೆಂಬುದು ಗೊತ್ತಿಲ್ಲದ ಸಂಗತಿಯಲ್ಲ.

ಈ ಬಿರುಕನ್ನು ಪ್ಲೇಟೋ ತಾನೇ ಕಂಡುಕೊಂಡನೆಂಬುದು ಅವನ ಹಿರಿಮೆ. 'ಸ್ಟೇಟ್ಸ್‌ಮನ್' ಸಂವಾದದಲ್ಲಿ ಮಾನವರನ್ನು ಗ್ರೀಕರು, ಬಾರ್ಬರರು ಎಂದು ಎರಡಾಗಿ ಸೀಳುವುದು ತಪ್ಪು ವಿಭಾಗವೆನ್ನುತ್ತಾನೆ. ತಮ್ಮತಮ್ಮಲ್ಲಿಯೇ ಭಾಷೆ ಕೂಡದ ಅಸಂಖ್ಯ ಜನಾಂಗಗಳಿಗೆ ಒಂದು ಹೆಸರಿಟ್ಟ ಮಾತ್ರಕ್ಕೆ ಅವು ಒಂದು ಜಾತಿಯಾಗವು. ಕೊಕ್ಕರೆಗೆ ಬುದ್ಧಿಯಿದ್ದರೆ ಅದೂ ಕೊಕ್ಕರೆಗಳನ್ನು ಒಂದು ಕಡೆಗೂ, ಮನುಷ್ಯರನ್ನು ಸೇರಿಸಿ ಮಿಕ್ಕ ಪ್ರಾಣಿಗಳನ್ನೆಲ್ಲ ಇನ್ನೊಂದು ಕಡೆಗೂ ಇಟ್ಟೀತು! ಅವನಿಗಿಂತ ಮೊದಲೇ, ಕ್ರಿ. ಪೂ. ೪೭೨ರಲ್ಲಿ, ಪಾರಸಿಕರೊಡನೆ ಸ್ವತಃ ಕಾದಿದ್ದ ಈಸ್ಕಿಲಸನು ಸೋತ ಪಾರಸಿಕರ ಅಳಲನ್ನು ಗೆದ್ದ ಅಥೆನ್ಸಿನವರ ಮುಂದೆ ಆಡಿಸಿದ್ದನು. ಬಿ. ಎಂ. ಶ್ರೀಯವರ 'ಪಾರಸಿಕರು' ಓದಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಕ್ರಿ. ಪೂ. ೩೩೮ರಲ್ಲಿ ಖೇರೊನಿಯಾದಲ್ಲಿ ಫಿಲಿಪ್ಪನು ಗೆದ್ದನು. ಮರುವರ್ಷ ಕಾರಿಂತಿನಲ್ಲಿ ಎಲ್ಲ ಗ್ರೀಕರಿಗೂ, ಸ್ಪಾರ್ಟಾವೊಂದನ್ನು ಬಿಟ್ಟು, 'ಸಾಮಾನ್ಯ ಶಾಂತಿ' ದೊರೆಯಿತು. ಕೊಟ್ಟವನು ಮಾಸಿಡೋನಿಯದ ದೊರೆ. ಸ್ವತಂತ್ರ ನಗರಗಳ ಕಾಲ ಹೋಯಿತು. ಅನಂತರದ ತತ್ತ್ವಜ್ಞರು ಊರಿನ ಶಾಂತಿಯನ್ನು ಕೈಬಿಟ್ಟು ಮನಸ್ಸಿನ ಶಾಂತಿಗೆ ತಿರುಗಿದರೆಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಅದು ಅರ್ಧ ಸತ್ಯ. ಎಪಿಕ್ಯೂರಸನ ಅತರಾಕ್ಸಿಯಾ ಸುಖಪುರುಷನ ಬಯಕೆಯಲ್ಲ. ಕ್ರಿ. ಪೂ. ೩೨೨ರಲ್ಲಿ ಸೇಮಾಸ್ ದ್ವೀಪದಿಂದ ಅಥೆನ್ಸಿನ ವಲಸೆಗಾರರನ್ನು ಹೊರಗಟ್ಟಿದಾಗ ಮನೆಮಾರು ಕಳೆದುಕೊಂಡ ಕುಟುಂಬಗಳಲ್ಲಿ ಅವನದೂ ಒಂದು. ಮುಂದೆ ಡಿಮೆಟ್ರಿಯಸನು ಅಥೆನ್ಸನ್ನು ಮುತ್ತಿ ಊರು ಹಸಿದಾಗ, ಅವನು ತನ್ನ ತೋಟದ ಗೆಳೆಯರಿಗೆ ಅವರೆಕಾಳುಗಳನ್ನು ಎಣಿಸಿ ಎಣಿಸಿ ಹಂಚಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಅಲೆಯಡಗಿದ ಕಡಲನ್ನು ಅವನು ಕನಸಿದುದು ಬಿರುಗಾಳಿಯ ನಡುವೆ.

ಸ್ಟೋಯಿಕ್ ಮತದ ಜೀನೋ ಪಾಠ ಹೇಳಿದ ಜಾಗ ಇನ್ನೂ ಸ್ವಾರಸ್ಯವಾದುದು. ಅದು ಅಥೆನ್ಸಿನ ಪೇಟೆಯ ಚಿತ್ರಮಂಟಪ. ಅದರ ಗೋಡೆಯ ಮೇಲೆ ಮ್ಯಾರಥಾನ್ ಯುದ್ಧದ, ಟ್ರಾಯ್ ಪತನದ ಚಿತ್ರಗಳು. ಸ್ಪಾರ್ಟಾದವರಿಂದ ಕಿತ್ತುಕೊಂಡ ಗುರಾಣಿಗಳನ್ನೂ ಅಲ್ಲಿ ತೂಗುಹಾಕಿದ್ದರು. ಈ ಜಯಸ್ಮಾರಕಗಳ ಕೆಳಗೆ ಅಡ್ಡಾಡುತ್ತ, ಸೈಪ್ರಸ್ಸಿನಿಂದ ಬಂದ ಆ ಹೊರನಾಡಿಗನು, ಮಾನವರೆಲ್ಲರೂ ಒಂದೇ ಊರಿನವರು, ಒಂದೇ ಕಟ್ಟಳೆಯಡಿ ಒಂದೇ ಹುಲ್ಲುಗಾವಲಿನಲ್ಲಿ ಮೇಯುವ ಮಂದೆಯಂತೆ ಬಾಳತಕ್ಕವರು ಎಂಬ ಕಲ್ಪನೆಯನ್ನು ಕೊಟ್ಟನು. ಮುಂದೆ ಎರಟಾಸ್ತನೀಸನೂ ಗ್ರೀಕ-ಬಾರ್ಬರ ಭೇದವನ್ನು ಜರೆದು, ಗುಣಾವಗುಣಗಳಿಂದ ಜನರನ್ನು ವಿಂಗಡಿಸುವುದು ಲೇಸೆಂದನು. ಬಾರ್ಬರರೆನಿಸಿಯೂ ನಾಗರಿಕರಾದವರ ಅವನ ಪಟ್ಟಿಯಲ್ಲಿ ಭಾರತೀಯರೂ ಇದ್ದಾರೆ.

ಆ ಹೊತ್ತಿಗೆ 'ಬಾರ್ಬರ' ದೊರೆಯೊಬ್ಬನು ಗ್ರೀಕರಿಗೆ ಗ್ರೀಕಿನಲ್ಲಿಯೇ ಮಾತನಾಡಿ ಆಗಿದ್ದಿತು. ಆಫ್ಘಾನಿಸ್ತಾನದ ಕಂದಹಾರದಲ್ಲಿ ೧೯೫೮ರಲ್ಲಿ ಗ್ರೀಕ್, ಅರಮಾಯಿಕ್ ಎರಡು ಭಾಷೆಗಳ ಅಶೋಕ ಶಾಸನವೊಂದೂ, ೧೯೬೩ರಲ್ಲಿ ಗ್ರೀಕಿನದೇ ಇನ್ನೊಂದೂ ದೊರೆತುವು. ಎರಡನೆಯದರಲ್ಲಿ ಹನ್ನೆರಡನೆಯ ಬಂಡೆಶಾಸನದ ಕೊನೆ, ಹದಿಮೂರನೆಯದರ ಮೊದಲು ಇವೆ. ಕಳಿಂಗದ ಕೊಲೆಯನ್ನು ನೆನೆದು ದೊರೆ ಪಟ್ಟ ಕನಿಕರಕ್ಕೆ ಗ್ರೀಕ್ ರುದ್ರನಾಟಕಗಳ ಕನಿಕರದ ಮಾತುಗಳನ್ನೇ ಅನುವಾದಕನು ಬಳಸಿದ್ದಾನೆ. ಧರ್ಮಕ್ಕೆ 'ಯೂಸೆಬೇಯಾ'. ಇತರ ಪಂಥದವರ ವಿಷಯದಲ್ಲಿ ತೋರಬೇಕಾದ ಸಂಯಮಕ್ಕೆ 'ಎಂಕ್ರಾತೇಯಾ', ಸಾಕ್ರಟೀಸನ ಶಿಷ್ಯರು ಗುರುವಿನ ಮೊದಲ ಗುಣವೆಂದು ಹೇಳುತ್ತಿದ್ದ ಪದ. ಪಂಥಕ್ಕೆ 'ಡಯಾಟ್ರಿಬೆ', ತತ್ತ್ವಜ್ಞರ ಪಾಠಶಾಲೆಗಳಿಗೆ ಅಥೆನ್ಸಿನಲ್ಲಿದ್ದ ಹೆಸರು.

ಅದೇ ಹದಿಮೂರನೆಯ ಶಾಸನದ ಪ್ರಾಕೃತ ಪಾಠ ನಮ್ಮ ಆದವಾನಿ ಸೀಮೆಯ ಪಕ್ಕದಲ್ಲಿಯೇ, ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯ ಎರ್ರಗುಡಿಯಲ್ಲಿದೆ. ಹುಡುಗರನ್ನು ಕರೆದುಕೊಂಡು ಎರಡು ಸಲ ಹೋಗಿದ್ದೇನೆ. ಅಲ್ಲಿಯ ಸಣ್ಣ ಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ, ಉಳುವ ಎತ್ತು ತಿರುಗಿದಂತೆ, ತಿರುಗುತ್ತವೆ. ಹದಿಮೂರನೆಯದರಲ್ಲಿ ಅಶೋಕನು ತನ್ನ ಧರ್ಮವಿಜಯದ ಸುದ್ದಿ ಮುಟ್ಟಿತೆಂದು ಹೇಳುವ ಯವನ ದೊರೆಗಳು ಐವರು. ಅವರಲ್ಲಿ 'ಅಂತಿಕಿನಿ' ಎಂಬವನು ಮಾಸಿಡೋನಿಯದ ಆಂಟಿಗೊನಸ್ ಗೊನಾಟಸ್; ಅಥೆನ್ಸಿಗೆ ಬಂದಾಗಲೆಲ್ಲ ಆ ಚಿತ್ರಮಂಟಪದಲ್ಲಿ ಕುಳಿತು ಜೀನೋವಿನ ಪಾಠ ಕೇಳಿದವನು.